ಅಪ್‌ಡೇಟ್ ಮುಗಿದ ಮೇಲೆ ಏಳದ ಕಂಪ್ಯೂಟರ್

ಗುಂಡಿ ಒತ್ತಿದರೆ ದೀಪ ಹೊತ್ತುತ್ತದೆ, ಫ್ಯಾನು ಸುಯ್ಯೆಂದು ತಿರುಗುತ್ತದೆ, ಪರದೆ ಮಾತ್ರ ಕಪ್ಪು. ರಿಪೇರಿ ಅಂಗಡಿಗಳಲ್ಲಿ ಈ ಕಾಯಿಲೆಯ ಹೆಸರು ‘ನೋ ಡಿಸ್‌ಪ್ಲೇ’. ಮಂಗಳೂರಿನ ಅತ್ತಾವರದಂಥ ಕಡೆ ಈ ಮಾತು ಎಲ್ಲರಿಗೂ ಗೊತ್ತು. ಒಂದು ಬದಿಗೆ ಸೆಂಟ್ರಲ್ ರೈಲು ನಿಲ್ದಾಣ, ಇನ್ನೊಂದು ಬದಿಗೆ ಕೆಎಂಸಿ ಆಸ್ಪತ್ರೆ, ನಡುವೆ ಓದುವ ಹುಡುಗ ಹುಡುಗಿಯರ ಬಾಡಿಗೆ ಕೋಣೆಗಳು. ಪ್ರಾಜೆಕ್ಟ್ ವರದಿ, ಪರೀಕ್ಷೆಯ ಟಿಪ್ಪಣಿ, ಮನೆಯವರ ಫೋಟೊ ಎಲ್ಲ ಒಂದೇ ಲ್ಯಾಪ್‌ಟಾಪಿನಲ್ಲಿ ಇರುವ ಕಾಲ ಇದು. ರಾತ್ರಿ ‘ಬಯೋಸ್ ಅಪ್‌ಡೇಟ್’ ಎಂಬ ಸೂಚನೆಗೆ ಹೂಂ ಎಂದು ಮಲಗಿದವರಿಗೆ ಬೆಳಿಗ್ಗೆ ಈ ಕಪ್ಪು ಪರದೆ ಕಂಡರೆ ಮೊದಲು ಬರುವ ಪ್ರಶ್ನೆ, ಒಳಗಿದ್ದದ್ದೆಲ್ಲ ಹೋಯಿತೇ ಎಂದು. ಬಹುತೇಕ ಸಂದರ್ಭಗಳಲ್ಲಿ ಹೋಗಿರುವುದಿಲ್ಲ. ಬಯೋಸ್, ಅಂದರೆ ಯಂತ್ರವನ್ನು ಎಬ್ಬಿಸುವ ಫರ್ಮ್‌ವೇರ್, ಕೂತಿರುವ ಚಿಪ್ಪೇ ಬೇರೆ, ಬಳಕೆದಾರರ ಕಡತಗಳಿರುವ ಡಿಸ್ಕೇ ಬೇರೆ. ಆದರೆ ಆ ಡಿಸ್ಕಿಗೆ ಹಾಕಿದ ಬೀಗದ ಕೀಲಿ ಫರ್ಮ್‌ವೇರಿನ ಸ್ಥಿತಿಯ ಜೊತೆ ತಳಕು ಹಾಕಿಕೊಂಡಿರಬಹುದು. ಫರ್ಮ್‌ವೇರ್ ಕೆಟ್ಟ ಯಂತ್ರಕ್ಕೆ ಕೈಹಾಕುವವರು ಮೊದಲು ತಿಳಿಯಬೇಕಾದದ್ದು ಇದನ್ನು.

ಫರ್ಮ್‌ವೇರ್ ಎಂಬ ಪದವನ್ನು 1967ರಲ್ಲಿ ಆಷರ್ ಓಪ್ಲರ್ ‘ಡೇಟಮೇಷನ್’ ಪತ್ರಿಕೆಯಲ್ಲಿ ಬಳಕೆಗೆ ತಂದರು. ಹಾರ್ಡ್‌ವೇರಿನಷ್ಟು ಗಟ್ಟಿಯಲ್ಲ, ಸಾಫ್ಟ್‌ವೇರಿನಷ್ಟು ಸಡಿಲವೂ ಅಲ್ಲ, ನಡುವಿನದು ಎಂಬ ಅರ್ಥ. ‘ಬಯೋಸ್’ ಎಂಬ ಹೆಸರನ್ನು 1975ರ ಹೊತ್ತಿಗೆ ಗ್ಯಾರಿ ಕಿಲ್ಡಾಲ್ ತಮ್ಮ ಸಿಪಿ/ಎಂ ಕಾರ್ಯಾಚರಣ ವ್ಯವಸ್ಥೆಯ ಒಂದು ಭಾಗಕ್ಕೆ ಇಟ್ಟರು. 1981ರ ಆಗಸ್ಟ್‌ನಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಬಯೋಸ್ ಹಿಡಿಸಿದ್ದು 8 ಕಿಲೋಬೈಟಿನಲ್ಲಿ. ಇವತ್ತಿನ ಲ್ಯಾಪ್‌ಟಾಪುಗಳಲ್ಲಿ ಅದೇ ಕೆಲಸಕ್ಕೆ 16 ಅಥವಾ 32 ಮೆಗಾಬೈಟಿನ ಚಿಪ್ ಬೇಕು. ಎಂಟು ಕಾಲಿನ ಈ ಚಿಪ್ ಮದರ್‌ಬೋರ್ಡಿನ ಮೂಲೆಯಲ್ಲಿ ಬೆರಳಿನ ಉಗುರಿಗಿಂತ ಚಿಕ್ಕದಾಗಿ ಕೂತಿರುತ್ತದೆ.

ಹಳೆಯ ಯಂತ್ರಗಳಲ್ಲಿ ಬಯೋಸ್ ಕೆಡುತ್ತಿರಲಿಲ್ಲ, ಏಕೆಂದರೆ ಅದನ್ನು ತಿದ್ದಲು ದಾರಿಯೇ ಇರಲಿಲ್ಲ. ಕಾರ್ಖಾನೆಯಲ್ಲಿ ಒಮ್ಮೆ ಬರೆದ ಮೇಲೆ ಓದಲಷ್ಟೇ ಆಗುವ ‘ರೋಮ್’ ಅದು. ಆಮೇಲೆ ಬಂದ ಚಿಪ್ಪುಗಳಿಗೆ ಬೆನ್ನಮೇಲೆ ಪುಟ್ಟ ಗಾಜಿನ ಕಿಟಕಿ ಇತ್ತು; ನೇರಳಾತೀತ ಬೆಳಕು ಹಾಯಿಸಿದರಷ್ಟೇ ಅಳಿಸಬಹುದಿತ್ತು. 1990ರ ದಶಕದಲ್ಲಿ ಫ್ಲ್ಯಾಶ್ ಚಿಪ್ ಬಂದಾಗ ಯಂತ್ರವನ್ನು ಬಿಚ್ಚದೆಯೇ ಬಯೋಸ್ ತಿದ್ದುವ ಅನುಕೂಲ ಸಿಕ್ಕಿತು. ಅದರ ಜೊತೆಗೇ ತಪ್ಪಾಗಿ ಬರೆಯುವ ಅಪಾಯವೂ ಬಂತು.

ಆ ಅಪಾಯ ಜಗತ್ತಿಗೆ ಮನದಟ್ಟಾದದ್ದು 1999ರ ಏಪ್ರಿಲ್ 26ರಂದು. ತೈವಾನಿನ ಚೆನ್ ಇಂಗ್-ಹೌ ಎಂಬ ವಿದ್ಯಾರ್ಥಿ ಹಿಂದಿನ ವರ್ಷ ಬರೆದಿದ್ದ ಸಿಐಎಚ್ ವೈರಸ್ ಆ ದಿನ ಎಚ್ಚೆತ್ತು, ಹಾರ್ಡ್ ಡಿಸ್ಕಿನ ಮೊದಲ ಭಾಗವನ್ನು ಸೊನ್ನೆಗಳಿಂದ ತುಂಬಿತು. ಕೆಲವು ಬಗೆಯ ಮದರ್‌ಬೋರ್ಡುಗಳಲ್ಲಿ ಬಯೋಸನ್ನೂ ಕೆಡಿಸಿತು. ಚೆರ್ನೋಬಿಲ್ ದುರಂತದ ವಾರ್ಷಿಕ ದಿನವೇ ಎದ್ದದ್ದರಿಂದ ಅದಕ್ಕೆ ಚೆರ್ನೋಬಿಲ್ ವೈರಸ್ ಎಂದೂ ಹೆಸರಾಯಿತು. ಆಗಿನ ಎಷ್ಟೋ ಬೋರ್ಡುಗಳಲ್ಲಿ ಬಯೋಸ್ ಚಿಪ್ ಸಾಕೆಟಿನಲ್ಲಿ ಕೂರುತ್ತಿತ್ತು. ರಿಪೇರಿಯವರು ಅದೇ ಮಾದರಿಯ ಒಳ್ಳೆಯ ಯಂತ್ರವನ್ನು ಚಾಲೂ ಮಾಡಿ, ಅದು ಓಡುತ್ತಿರುವಾಗಲೇ ಅದರ ಚಿಪ್ ಮೆಲ್ಲಗೆ ಕಿತ್ತು, ಕೆಟ್ಟ ಚಿಪ್ಪನ್ನು ಅದೇ ಜಾಗಕ್ಕೆ ಕೂರಿಸಿ ಹೊಸದಾಗಿ ಬರೆಯುತ್ತಿದ್ದರು. ಕೈ ನಡುಗಿದರೆ ಎರಡೂ ಯಂತ್ರ ಹೋಗುವ ಕೆಲಸ. ಅದೇ ಕಾಲದಲ್ಲಿ ಗಿಗಾಬೈಟ್ ಕಂಪನಿ ಒಂದೇ ಬೋರ್ಡಿನಲ್ಲಿ ಎರಡು ಬಯೋಸ್ ಚಿಪ್ ಇಡುವ ಪದ್ಧತಿ ತಂದಿತು. ಒಂದು ಕೆಟ್ಟರೆ ಇನ್ನೊಂದರಿಂದ ಏಳಬಹುದಿತ್ತು.

ಇಂಟೆಲ್ ತನ್ನ ಇಟೇನಿಯಂ ಪ್ರೊಸೆಸರಿಗಾಗಿ 1990ರ ದಶಕದ ಕೊನೆಯಲ್ಲಿ ಬಯೋಸಿನ ಜಾಗಕ್ಕೆ ಕಟ್ಟಿದ ಹೊಸ ವಿನ್ಯಾಸವೇ ಮುಂದೆ ಯುಇಎಫ್‌ಐ ಆಯಿತು. 2005ರಲ್ಲಿ ಅದನ್ನು ನೋಡಿಕೊಳ್ಳಲು ಕಂಪನಿಗಳ ಒಕ್ಕೂಟವೊಂದು ಹುಟ್ಟಿತು. 2012ರಲ್ಲಿ ವಿಂಡೋಸ್ 8ರ ಜೊತೆ , ಆರಂಭದಲ್ಲಿ ನಂಬಿಕೆಯ ಸಹಿ ಇರುವ ಸಾಫ್ಟ್‌ವೇರನ್ನಷ್ಟೇ ಓಡಗೊಡುವ ‘ಸೆಕ್ಯೂರ್ ಬೂಟ್’ ಮನೆಮನೆಗೆ ಬಂತು. ಜನ ಈಗಲೂ ಎಲ್ಲವನ್ನೂ ಬಯೋಸ್ ಎಂದೇ ಕರೆಯುತ್ತಾರೆ. ಕರೆದರೆ ತಪ್ಪೇನಿಲ್ಲ.

ಗುಂಡಿ ಒತ್ತಿದ ಕ್ಷಣದಲ್ಲಿ ಪ್ರೊಸೆಸರಿಗೆ ಏನೂ ಗೊತ್ತಿರುವುದಿಲ್ಲ. ಮೆಮೊರಿ ಎಲ್ಲಿದೆ, ಪರದೆ ಎಲ್ಲಿದೆ ಎಂಬುದೂ ತಿಳಿಯದು. ಗೊತ್ತುಮಾಡಿದ ಒಂದು ವಿಳಾಸಕ್ಕೆ ಹೋಗಿ ಅಲ್ಲಿರುವ ಮೊದಲ ಆದೇಶವನ್ನು ಪಾಲಿಸುವುದಷ್ಟೇ ಅದಕ್ಕೆ ಬರುತ್ತದೆ. ಆ ವಿಳಾಸ ಫರ್ಮ್‌ವೇರ್ ಚಿಪ್ಪಿನೊಳಗಿನದು. ಅಲ್ಲಿಂದ ಫರ್ಮ್‌ವೇರ್ ಮೆಮೊರಿಯನ್ನು ಹದಗೊಳಿಸುತ್ತದೆ, ಕೀಬೋರ್ಡು, ಪರದೆ, ಡಿಸ್ಕುಗಳನ್ನು ಎಬ್ಬಿಸುತ್ತದೆ, ಕಂಪನಿಯ ಲೋಗೊ ತೋರಿಸುತ್ತದೆ, ಕೊನೆಗೆ ಡಿಸ್ಕಿನಲ್ಲಿರುವ ವಿಂಡೋಸ್ ಅಥವಾ ಲಿನಕ್ಸಿನ ಕೈಗೆ ಯಂತ್ರ ಒಪ್ಪಿಸಿ ಹಿಂದೆ ಸರಿಯುತ್ತದೆ. ಈ ಸರಪಣಿಯ ಯಾವ ಕೊಂಡಿ ಕಳಚಿದೆ ಎಂದು ಹುಡುಕುವುದೇ ದುರಸ್ತಿಯ ಮುಕ್ಕಾಲು ಪಾಲು.

ಹಾಗಾಗಿ ಮೊದಲು ನೋಡಬೇಕಾದ್ದು ಲೋಗೊ. ಕಂಪನಿಯ ಹೆಸರು ಪರದೆಯ ಮೇಲೆ ಒಮ್ಮೆ ಮೂಡಿತೆಂದರೆ ಫರ್ಮ್‌ವೇರ್ ಬದುಕಿದೆ ಎಂದೇ ಅರ್ಥ. ತೊಂದರೆ ಅದರ ಮುಂದಿನದು, ಮನೆಯಲ್ಲೇ ಸರಿಹೋಗುವ ಸಾಧ್ಯತೆ ಹೆಚ್ಚು. ಲೋಗೊ ಬರದೆ ಕಪ್ಪಾಗಿಯೇ ಉಳಿದರೆ ತೊಂದರೆ ಚಿಪ್ಪಿನಲ್ಲಿರಬಹುದು, ಮೆಮೊರಿಯಲ್ಲಿರಬಹುದು. ಅಥವಾ ಯಂತ್ರಕ್ಕೆ ಇನ್ನೂ ಸ್ವಲ್ಪ ಹೊತ್ತು ಬೇಕಾಗಿರಬಹುದು.

ಈ ಕೊನೆಯ ಸಾಧ್ಯತೆಯನ್ನು ಜನ ಮರೆಯುತ್ತಾರೆ. ಫರ್ಮ್‌ವೇರ್ ಬದಲಾದ ಮೇಲಿನ ಮೊದಲ ಆರಂಭದಲ್ಲಿ ಮೆಮೊರಿಯ ವೇಗ, ವೋಲ್ಟೇಜು, ಸಮಯದ ಲೆಕ್ಕಗಳನ್ನು ಯಂತ್ರ ಹೊಸದಾಗಿ ಹಾಕಿಕೊಳ್ಳಬೇಕಾಗುತ್ತದೆ. ಡಿಡಿಆರ್5 ಮೆಮೊರಿಯ ಡೆಸ್ಕ್‌ಟಾಪುಗಳಲ್ಲಿ, ಅದರಲ್ಲೂ ಎಎಂಡಿಯ ಎಎಂ5 ಬೋರ್ಡುಗಳಲ್ಲಿ, ಇದಕ್ಕೆ ಹಲವು ನಿಮಿಷ ಹಿಡಿಯುವುದುಂಟು. ಅಷ್ಟು ಹೊತ್ತೂ ಪರದೆ ಕಪ್ಪು. ಯಂತ್ರ ತಾನಾಗಿಯೇ ಎರಡು ಮೂರು ಸಲ ಆರಿ ಹೊತ್ತಿಕೊಳ್ಳಬಹುದು. ಕೆಟ್ಟುಹೋಯಿತೆಂದು ಗಾಬರಿಯಾಗಿ ಸ್ವಿಚ್ ಆರಿಸಿದರೆ ಲೆಕ್ಕ ಮತ್ತೆ ಮೊದಲಿನಿಂದ ಶುರು. ಬರೆಯುವ ಕೆಲಸವೇ ಇನ್ನೂ ನಡೆಯುತ್ತಿದ್ದಾಗ ಆರಿಸಿದರಂತೂ ಇಲ್ಲದ ರೋಗವನ್ನು ತಂದುಕೊಂಡಂತೆ. ಒಂದರ್ಧ ಗಂಟೆ ಚಾರ್ಜರ್ ಚುಚ್ಚಿಟ್ಟು ಸುಮ್ಮನಿರುವುದು ಮೊದಲ ಚಿಕಿತ್ಸೆ.

ಕಾದದ್ದೂ ಫಲ ಕೊಡದಿದ್ದರೆ ಮುಂದಿನದು ಉಳಿದ ವಿದ್ಯುತ್ತನ್ನು ಪೂರ್ತಿ ಇಳಿಸುವುದು. ಚಾರ್ಜರ್, ಪೆನ್‌ಡ್ರೈವ್, ಮೌಸ್ ಎಲ್ಲ ಕಿತ್ತು, ಬ್ಯಾಟರಿ ತೆಗೆಯಲು ಬರುವಂತಿದ್ದರೆ ಅದನ್ನೂ ತೆಗೆದು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿಹಿಡಿದು, ಮತ್ತೆ ಬರೀ ಚಾರ್ಜರಿನಲ್ಲಿ ಎಬ್ಬಿಸಿ ನೋಡುವುದು. ಡೆಸ್ಕ್‌ಟಾಪ್ ಆದರೆ ನಾಣ್ಯದಾಕಾರದ ಸಿಆರ್2032 ಸೆಲ್ ತೆಗೆದು ಕೆಲವು ನಿಮಿಷ ಬಿಟ್ಟು ಹಾಕಿದರೆ ಸೆಟ್ಟಿಂಗುಗಳು ಕಾರ್ಖಾನೆಯ ಸ್ಥಿತಿಗೆ ಮರಳುತ್ತವೆ. ಹೊಸ ಫರ್ಮ್‌ವೇರಿಗೆ ಹಳೆಯ ಸೆಟ್ಟಿಂಗು ಒಗ್ಗದೆ ನಿಂತಿದ್ದರೆ ಇಷ್ಟರಲ್ಲೇ ಏಳುತ್ತದೆ.

ಕರಾವಳಿಯಲ್ಲಿ ಇನ್ನೊಂದು ಅನುಮಾನವನ್ನೂ ತೀರಿಸಿಕೊಳ್ಳಬೇಕು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಸಮುದ್ರದ ಗಾಳಿ ಬೀಸುವ ಊರಿನಲ್ಲಿ ಮೆಮೊರಿಯ, ಅಂದರೆ ರ‍್ಯಾಮಿನ ಅಂಚಿನ ಲೋಹಕ್ಕೆ ತೆಳ್ಳಗೆ ಮಾಸಲು ಕಟ್ಟುತ್ತದೆ. ರ‍್ಯಾಮ್ ಹೊರತೆಗೆದು ಪೆನ್ಸಿಲಿನ ರಬ್ಬರಿನಿಂದ ಆ ಅಂಚನ್ನು ಉಜ್ಜಿ ಮತ್ತೆ ಕೂರಿಸುವುದು ರಿಪೇರಿಯವರ ಹಳೆಯ ಕೈಚಳಕ. ಅಪ್‌ಡೇಟ್ ಆದ ಮರುದಿನವೇ ಯಂತ್ರ ನಿಂತಿತೆಂದ ಮಾತ್ರಕ್ಕೆ ಅಪ್‌ಡೇಟಿನದೇ ತಪ್ಪೆನ್ನಲಾಗದು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದದ್ದೂ ಇರಬಹುದು.

ಮಾತಾಡಲಾಗದ ಯಂತ್ರ ಸನ್ನೆಯಲ್ಲಿ ಹೇಳುತ್ತದೆ. ಹಿಂದಿನ ಡೆಸ್ಕ್‌ಟಾಪುಗಳು ಬೀಪ್ ಎಂದು ಕೂಗಿ ಲೆಕ್ಕ ಕೊಡುತ್ತಿದ್ದವು. ಈಗಿನ ಲ್ಯಾಪ್‌ಟಾಪುಗಳು ದೀಪ ಮಿಟುಕಿಸುತ್ತವೆ. ಡೆಲ್ ಕಂಪನಿಯ ಹಲವು ಲ್ಯಾಪ್‌ಟಾಪುಗಳಲ್ಲಿ ಹಳದಿ ದೀಪ ಎರಡು ಸಲ, ಬಿಳಿ ದೀಪ ಎರಡು ಸಲ ಮಿನುಗಿದರೆ ಬಯೋಸ್ ಅಥವಾ ಬೋರ್ಡಿನ ದೋಷ. ಹಳದಿ ಎರಡು, ಬಿಳಿ ಮೂರು ಆದರೆ ಮೆಮೊರಿ ಕಾಣುತ್ತಿಲ್ಲ. ಹಳದಿ ಮೂರು, ಬಿಳಿ ಮೂರು ಆದರೆ ಚೇತರಿಕೆಯ ಕಡತ ಸಿಗುತ್ತಿಲ್ಲ. ಫೋನಿನಲ್ಲಿ ಈ ಮಿಣುಕನ್ನು ವಿಡಿಯೊ ಮಾಡಿಕೊಂಡು ಅಂಗಡಿಗೆ ಒಯ್ದರೆ ಅರ್ಧ ದಿನದ ಹುಡುಕಾಟ ಉಳಿಯುತ್ತದೆ.

ಬಹಳಷ್ಟು ಯಂತ್ರಗಳಲ್ಲಿ ತಯಾರಕರೇ ಹಿಂಬಾಗಿಲೊಂದನ್ನು ಇಟ್ಟಿರುತ್ತಾರೆ. ಫರ್ಮ್‌ವೇರಿನ ಒಂದು ಪುಟ್ಟ ಭಾಗವನ್ನು ಸಾಮಾನ್ಯ ಅಪ್‌ಡೇಟ್ ಮುಟ್ಟುವುದಿಲ್ಲ. ಉಳಿದದ್ದು ಹಾಳಾದರೂ ಅದು ಪೆನ್‌ಡ್ರೈವ್ ಓದಬಲ್ಲದು. ಎಚ್‌ಪಿಯ ಅನೇಕ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಕೀಲಿ ಮತ್ತು ‘ಬಿ’ ಕೀಲಿಯನ್ನು ಒತ್ತಿಹಿಡಿದು ಪವರ್ ಗುಂಡಿ ಒತ್ತಬೇಕು. ಡೆಲ್‌ನಲ್ಲಿ ಕಂಟ್ರೋಲ್ ಮತ್ತು ಎಸ್ಕೇಪ್ ಒತ್ತಿಹಿಡಿದಿರುವಾಗಲೇ ಚಾರ್ಜರ್ ಚುಚ್ಚಬೇಕು. ಆಸುಸ್, ಎಂಎಸ್‌ಐ ಕಂಪನಿಗಳ ಹಲವು ಡೆಸ್ಕ್‌ಟಾಪ್ ಬೋರ್ಡುಗಳ ಹಿಂದೆ ಇದಕ್ಕಾಗಿಯೇ ಒಂದು ಗುಂಡಿ ಇದೆ. ಪ್ರೊಸೆಸರು, ಮೆಮೊರಿ ಇಲ್ಲದಿದ್ದರೂ ಅದು ಕೆಲಸ ಮಾಡುತ್ತದೆ. ಪೆನ್‌ಡ್ರೈವ್ ಫ್ಯಾಟ್32 ಕ್ರಮದಲ್ಲಿ ಸಿದ್ಧವಾಗಿರಬೇಕು, ಕಡತಕ್ಕೆ ಕಂಪನಿ ಹೇಳಿದ ಹೆಸರನ್ನೇ ಇಡಬೇಕು, ಗುರುತಿಸಿದ ಯುಎಸ್‌ಬಿ ಕಂಡಿಗೇ ಹಾಕಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಯಂತ್ರ ಮೌನವಾಗಿಯೇ ಇರುತ್ತದೆ, ಮಾಡಿದವರು ಕೈಚೆಲ್ಲುತ್ತಾರೆ. ಮಾದರಿಯ ಹೆಸರಿನಲ್ಲಿ ಒಂದಕ್ಷರ ಬದಲಾದರೂ ಫರ್ಮ್‌ವೇರ್ ಬೇರೆ. ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬದೆ ಯಂತ್ರದ ತಳದಲ್ಲಿ ಅಂಟಿಸಿದ ಚೀಟಿಯನ್ನೇ ಓದಬೇಕು.

ಲೋಗೊ ಮೂಡಿ ಆಮೇಲೆ ನಿಲ್ಲುವ ಯಂತ್ರಗಳ ಕತೆ ಬೇರೆ. ಅಪ್‌ಡೇಟ್ ಆಗುವಾಗ ಸೆಟ್ಟಿಂಗುಗಳು ಮೊದಲಿನಂತಾಗಿಬಿಡುವುದು ಇಲ್ಲಿನ ಸಾಮಾನ್ಯ ಕಾರಣ. ಡಿಸ್ಕನ್ನು ಓದುವ ಕ್ರಮ ಎಎಚ್‌ಸಿಐ ಇದ್ದದ್ದು ರೈಡ್ ಆಗಿದ್ದರೆ, ಅಥವಾ ಇಂಟೆಲ್‌ನ ವಿಎಂಡಿ ಎಂಬ ಸೆಟ್ಟಿಂಗ್ ತಾನಾಗಿ ಚಾಲೂ ಆಗಿದ್ದರೆ, ವಿಂಡೋಸಿಗೆ ತನ್ನ ಮನೆಯೇ ಕಾಣದೆ ನೀಲಿ ಪರದೆಯ ಮೇಲೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ಬರೆದು ನಿಲ್ಲುತ್ತದೆ. ಹಳೆಯ ಕ್ರಮದಲ್ಲಿ ವಿಂಡೋಸ್ ಹಾಕಿಸಿಕೊಂಡ ಡೆಸ್ಕ್‌ಟಾಪಿನಲ್ಲಿ ಯುಇಎಫ್‌ಐ ಮಾತ್ರ ಎಂಬ ಸೆಟ್ಟಿಂಗ್ ಮರಳಿದರೆ ‘ನೋ ಬೂಟಬಲ್ ಡಿವೈಸ್’ ಎಂಬ ಸಾಲು ಬರುತ್ತದೆ. ಡಿಸ್ಕ್ ಸತ್ತಿದೆಯೆಂದು ಹೊಸದು ಕೊಳ್ಳುವ ಮೊದಲು, ವಿಂಡೋಸ್ ಮರಳಿ ಹಾಕಿಸುತ್ತೇನೆಂದು ಇದ್ದದ್ದನ್ನು ಅಳಿಸುವ ಮೊದಲು, ಸೆಟಪ್ ಒಳಹೊಕ್ಕು ಆ ಒಂದು ಸಾಲನ್ನು ಬದಲಿಸಿ ನೋಡಬೇಕು. ಎಷ್ಟೋ ಮಂದಿಯ ವರ್ಷಗಳ ಕಡತಗಳು ಕೈತಪ್ಪುವುದು ಫರ್ಮ್‌ವೇರಿನಿಂದಲ್ಲ, ಆಮೇಲಿನ ಅವಸರದ ಫಾರ್ಮ್ಯಾಟಿನಿಂದ.

ಇನ್ನು ನಿಜವಾದ ಕಗ್ಗಂಟು ಬಿಟ್‌ಲಾಕರ್ ಎಂಬ ವಿಂಡೋಸಿನ ಡಿಸ್ಕ್ ಬೀಗ. ವಿಂಡೋಸ್ 11 ಇರುವ ಅನೇಕ ಲ್ಯಾಪ್‌ಟಾಪುಗಳಲ್ಲಿ ಬಳಕೆದಾರರು ಕೇಳದಿದ್ದರೂ ಡಿಸ್ಕ್ ಗೂಢಲಿಪಿಯಲ್ಲಿರುತ್ತದೆ. ಅದನ್ನು ಬಿಡಿಸುವ ಕೀಲಿಯನ್ನು ಟಿಪಿಎಂ ಎಂಬ ಭದ್ರತಾ ವ್ಯವಸ್ಥೆ ಇಟ್ಟುಕೊಂಡಿರುತ್ತದೆ. ಯಂತ್ರ ನಿನ್ನೆ ಎದ್ದ ಹಾಗೆಯೇ ಇವತ್ತೂ ಎದ್ದಿದೆ ಎಂದು ಖಾತ್ರಿಯಾದರಷ್ಟೇ ಕೊಡುತ್ತದೆ. ಫರ್ಮ್‌ವೇರ್ ಬದಲಾದರೆ ಎದ್ದ ಬಗೆ ಬದಲಾಯಿತು. ಟಿಪಿಎಂ ಕೀಲಿ ಕೊಡದೆ ಹೋಗಬಹುದು. ಆಗ ಪರದೆಯ ಮೇಲೆ 48 ಅಂಕಿಗಳ ಚೇತರಿಕೆ ಸಂಖ್ಯೆ ಕೇಳುತ್ತದೆ. 2022ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಸೆಕ್ಯೂರ್ ಬೂಟಿನ ನಿಷೇಧಪಟ್ಟಿಯನ್ನು ನವೀಕರಿಸಿದಾಗಲೂ ಕೆಲವು ಯಂತ್ರಗಳಲ್ಲಿ ಸಂಖ್ಯೆ ಕೇಳುವ ಇದೇ ಪರದೆ ಬಂದಿತ್ತು.

ಆ ಸಂಖ್ಯೆ ಸಾಮಾನ್ಯವಾಗಿ ಮಾಲೀಕರ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಫೋನಿನಲ್ಲೇ ತೆರೆದು ನೋಡಬಹುದು. ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯವರೋ ಮನೆಯ ಹುಡುಗರೋ ತೆರೆದುಕೊಟ್ಟ ಖಾತೆ ಯಾವುದೆಂದು ನೆನಪಿಲ್ಲದಿದ್ದರೆ ಮಾತ್ರ ಸಂಕಟ. ಕಾಲೇಜು, ಕಚೇರಿಯ ಯಂತ್ರವಾದರೆ ಅಲ್ಲಿನ ಕಂಪ್ಯೂಟರ್ ವಿಭಾಗದವರ ಬಳಿ ಇರುತ್ತದೆ. ಎಲ್ಲೂ ಸಿಗದಿದ್ದರೆ ಡಿಸ್ಕನ್ನು ಯಾವ ಅಂಗಡಿಯೂ ಬಿಡಿಸಲಾರದು. ಎಎಂಡಿ ಬೋರ್ಡುಗಳಲ್ಲಿ ಅಪ್‌ಡೇಟಿನ ನಂತರ ಟಿಪಿಎಂ ಅಳಿಸಲೇ ಎಂದು ಕೇಳಿ ‘ವೈ’ ಅಥವಾ ‘ಎನ್’ ಒತ್ತಲು ಹೇಳುವ ಕಪ್ಪು ಪರದೆಯೊಂದು ಬರುವುದುಂಟು. ಸಂಖ್ಯೆ ಕೈಯಲ್ಲಿಲ್ಲದೆ ‘ವೈ’ ಒತ್ತಬಾರದು. ಕನ್ನಡದಲ್ಲಿ ಬರೆಯುವವರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಮಂಗಳೂರಿನ ಪಕ್ಕದ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸ ನಮಗೆಲ್ಲ ಬೆರಳಿಗೆ ಹತ್ತಿದೆ. ಆದರೆ ಅದನ್ನು ಓಡಿಸುವ ಸಾಫ್ಟ್‌ವೇರ್ ಇರುವುದು ವಿಂಡೋಸಿನೊಳಗೆ. ಈ ಪರದೆಗಳು ಅದಕ್ಕಿಂತ ಮೊದಲಿನವು, ಇಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಬಿಟ್ಟು ಬೇರೇನೂ ನಡೆಯದು.

ಕೀಲಿ ಹುಡುಕುವ ಕೆಲಸ ಇಡೀ ದೇಶಕ್ಕೆ ಪರಿಚಯವಾದದ್ದು 2024ರ ಜುಲೈ 19ರ ಶುಕ್ರವಾರ. ಅದು ಫರ್ಮ್‌ವೇರ್ ದೋಷವಲ್ಲ; ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಭಾರತದ ಸಮಯ ಬೆಳಿಗ್ಗೆ 9.39ಕ್ಕೆ ಕಳಿಸಿದ ತಪ್ಪು ಕಡತ. ಒಂದೂಕಾಲು ಗಂಟೆಯಲ್ಲಿ ಹಿಂದಕ್ಕೆ ಪಡೆದರೂ ಅಷ್ಟರಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದಿದ್ದವು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ವಿಮಾನ ಕಂಪನಿಗಳ ಚೆಕ್-ಇನ್ ಸಾಲು ಬೆಳೆಯಿತು. ದೇಶದ ಹಲವು ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಪರಿಹಾರ ಒಂದು ಕಡತ ಅಳಿಸುವಷ್ಟು ಸಣ್ಣದು. ಆದರೆ ಯಂತ್ರ ಏಳದ ಕಾರಣ ದೂರದಿಂದ ಅಳಿಸಲು ಬರುತ್ತಿರಲಿಲ್ಲ. ಒಂದೊಂದು ಯಂತ್ರದ ಎದುರೂ ಒಬ್ಬರು ನಿಂತು ಸೇಫ್ ಮೋಡಿಗೆ ಹೋಗಬೇಕಾಯಿತು, ಬಿಟ್‌ಲಾಕರ್ ಇದ್ದಲ್ಲೆಲ್ಲ ಆ 48 ಅಂಕಿಗಳನ್ನು ಒತ್ತಬೇಕಾಯಿತು. ಆ ಅಂಕಿಗಳನ್ನು ಕೆಟ್ಟ ಯಂತ್ರದೊಳಗೇ ಇಟ್ಟಿದ್ದವರ ಪಾಡು ಹೇಳತೀರದು.

ತಯಾರಕರ ಕೈಯಲ್ಲೇ ಎಡವಟ್ಟಾದ ಉದಾಹರಣೆಗಳೂ ಇವೆ. 2013ರಲ್ಲಿ ಕೆಲವು ಸ್ಯಾಮ್‌ಸಂಗ್ ಲ್ಯಾಪ್‌ಟಾಪುಗಳಿಗೆ ಲಿನಕ್ಸ್ ಹಾಕಿದವರ ಯಂತ್ರಗಳು ಪೂರ್ತಿ ನಿಂತವು. ಲಿನಕ್ಸಿನದೇ ತಪ್ಪೆಂದು ಮೊದಲು ಮಾತಾಯಿತು. ಫರ್ಮ್‌ವೇರಿನ ನೆನಪಿನ ಜಾಗ ತುಂಬಿದರೆ ವಿಂಡೋಸಿನಲ್ಲೂ ಹಾಗೆಯೇ ಆಗುತ್ತದೆಂದು ಆಮೇಲೆ ಗೊತ್ತಾಯಿತು. 2017ರ ಡಿಸೆಂಬರ್‌ನಲ್ಲಿ ಉಬುಂಟು 17.10 ಎಂಬ ಲಿನಕ್ಸ್ ಆವೃತ್ತಿ ಕೆಲವು ಲೆನೊವೊ ಲ್ಯಾಪ್‌ಟಾಪುಗಳ ಬಯೋಸ್ ಸೆಟ್ಟಿಂಗ್ ಉಳಿಯದಂತೆ ಮಾಡಿತೆಂದು ತಿಳಿದು ಅದರ ಡೌನ್‌ಲೋಡ್ ನಿಲ್ಲಿಸಿದರು. ಮರುತಿಂಗಳೇ, 2018ರ ಜನವರಿ 22ರಂದು, ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷಕ್ಕೆಂದು ತಾನು ಕೊಟ್ಟ ಮದ್ದಿನಿಂದ ಯಂತ್ರಗಳು ಮತ್ತೆ ಮತ್ತೆ ಮರುಚಾಲೂ ಆಗುತ್ತಿವೆ, ಹಂಚುವುದು ನಿಲ್ಲಿಸಿ ಎಂದು ಇಂಟೆಲ್ ತಾನೇ ಹೇಳಿತು.

ಇಷ್ಟೆಲ್ಲ ಕೇಳಿದವರು ಅಪ್‌ಡೇಟಿನ ಸಹವಾಸವೇ ಬೇಡ ಎನ್ನಬಹುದು. ಅದು ಸರಿಯಲ್ಲ. 2023ರ ಡಿಸೆಂಬರ್‌ನಲ್ಲಿ ಬಯಲಾದ ಲೋಗೊಫೇಲ್ ದೋಷದಲ್ಲಿ, ಆರಂಭದ ಲೋಗೊ ಚಿತ್ರವನ್ನೇ ಬದಲಿಸಿ ಯಂತ್ರದೊಳಗೆ ನುಗ್ಗಬಹುದಿತ್ತು. ಮದ್ದು ಫರ್ಮ್‌ವೇರಿನಲ್ಲೇ ಬರಬೇಕಿತ್ತು. ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳು ಹೆಚ್ಚಿನ ವೋಲ್ಟೇಜಿನಿಂದ ಒಳಗೊಳಗೇ ಸವೆಯುತ್ತಿದ್ದಾಗ 2024ರ ಆಗಸ್ಟ್‌ನಿಂದ ಮೊದಲಾಗಿ ಬಂದ ತಿದ್ದುಪಡಿಗಳೂ ಬಯೋಸ್ ಅಪ್‌ಡೇಟಿನ ರೂಪದಲ್ಲೇ ಸಿಕ್ಕಿದವು. ಅಷ್ಟರಲ್ಲಿ ಸವೆದದ್ದನ್ನು ಅವು ಮರಳಿಸಲಾರವು. ಸೆಕ್ಯೂರ್ ಬೂಟಿಗಾಗಿ ಮೈಕ್ರೋಸಾಫ್ಟ್ 2011ರಲ್ಲಿ ಕೊಟ್ಟ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಮುಗಿಯುವಂಥದ್ದು. ಹೊಸ ಪ್ರಮಾಣಪತ್ರ ಪಡೆಯದ ಯಂತ್ರಗಳೂ ಏಳುತ್ತವೆ, ಆದರೆ ಆರಂಭದ ಹಂತಕ್ಕೆ ಸಂಬಂಧಿಸಿದ ಮುಂದಿನ ಭದ್ರತಾ ತಿದ್ದುಪಡಿಗಳು ಅವಕ್ಕೆ ಸಿಗುವುದಿಲ್ಲ.

ಅಪ್‌ಡೇಟ್ ಬೇಕು, ಆದರೆ ಹೊತ್ತು ನೋಡಿ ಮಾಡಬೇಕು. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು, ಮೇ ಕೊನೆಗೆ ಬರುವ ಪತ್ತನಾಜೆ ಕಳೆದ ಮೇಲಿನ ಗಾಳಿಮಳೆ, ದೀಪಾವಳಿಯ ಆಸುಪಾಸಿನ ಸಿಡಿಲು, ಇವೆಲ್ಲ ತುಳುನಾಡಿನವರಿಗೆ ಹೊಸತಲ್ಲ. ತಂತಿಯ ಮೇಲೆ ಕೊಂಬೆ ಬಿದ್ದು ಕರೆಂಟು ಹೋಗುವ ಸಂಜೆ ಡೆಸ್ಕ್‌ಟಾಪಿನ ಬಯೋಸ್ ಬರೆಯಲು ಕೂರಬಾರದು. ಮನೆಯಲ್ಲಿ ಇನ್ವರ್ಟರ್ ಇದೆ ಎಂಬ ಧೈರ್ಯವೂ ಸಾಲದು. ಇನ್ವರ್ಟರಿನ ಹಿಂದಿನ ಪುಟ್ಟ ಸ್ವಿಚ್ ಯುಪಿಎಸ್ ಕಡೆಗೆ ಇಲ್ಲದಿದ್ದರೆ, ಫ್ಯಾನು ದೀಪಗಳು ತಿಳಿಯದಷ್ಟು ಚಿಕ್ಕ ಅಂತರದಲ್ಲೇ ಕಂಪ್ಯೂಟರ್ ಆರಿ ಹೊತ್ತಿಕೊಳ್ಳುತ್ತದೆ. ಲ್ಯಾಪ್‌ಟಾಪಿಗೆ ಬ್ಯಾಟರಿಯೇ ರಕ್ಷೆ, ಅದು ಸವೆದಿರದಿದ್ದರೆ. ಬೆಳಿಗ್ಗೆ, ಆಕಾಶ ತಿಳಿಯಾಗಿರುವಾಗ, ಕಡತಗಳ ಪ್ರತಿ ತೆಗೆದಿಟ್ಟು, ಚೇತರಿಕೆ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಟ್ಟು, ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿದು ಆಮೇಲೆ ಶುರುಮಾಡುವುದು ಲೇಸು. ವಿಂಡೋಸ್ ಮೂಲಕ ಬರುವ ಫರ್ಮ್‌ವೇರ್ ಸಾಮಾನ್ಯವಾಗಿ ಈ ತಡೆಯನ್ನು ತಾನೇ ಮಾಡುತ್ತದೆ; ಪೆನ್‌ಡ್ರೈವಿನಿಂದ ಹಾಕುವವರು ಕೈಯಾರೆ ಮಾಡಬೇಕು. ಲಿನಕ್ಸ್ ಬಳಸುವವರಿಗೆ 2015ರಿಂದ ಎಫ್‌ಡಬ್ಲ್ಯೂಅಪ್‌ಡಿ ಎಂಬ ಸಾಧನವಿದೆ. ಹಿಂದೆ ಯಾವ ಅಪ್‌ಡೇಟ್ ಆಯಿತು, ಯಾವುದು ವಿಫಲವಾಯಿತು ಎಂಬ ದಾಖಲೆಯನ್ನೂ ಅದು ಇಡುತ್ತದೆ.

ಯಾವ ಹಿಂಬಾಗಿಲೂ ತೆರೆಯದಿದ್ದಾಗ ಕೊನೆಯ ದಾರಿ ಅಂಗಡಿಯ ಮೇಜಿನ ಮೇಲಿನದು. ರಿಪೇರಿಯವರು ಇದನ್ನು ‘ಬಯೋಸ್ ಹೊಡೆಯುವುದು’ ಎನ್ನುತ್ತಾರೆ. ಬ್ಯಾಟರಿ ಕಿತ್ತು, ಎಂಟು ಕಾಲಿನ ಚಿಪ್ಪಿಗೆ ಕ್ಲಿಪ್ ಕಚ್ಚಿಸಿ ಅಥವಾ ಬಿಸಿಗಾಳಿಯಿಂದ ಚಿಪ್ ಬಿಡಿಸಿ, ಪ್ರೋಗ್ರಾಮರ್ ಎಂಬ ಪುಟ್ಟ ಸಾಧನದ ಮೂಲಕ ಬೇರೆ ಕಂಪ್ಯೂಟರಿನಿಂದ ಬರೆಯುವ ಕೆಲಸ. ಚಿಪ್ 3.3 ವೋಲ್ಟಿನದೋ 1.8 ವೋಲ್ಟಿನದೋ ಎಂದು ಮೈಮೇಲಿನ ಸಂಖ್ಯೆ ಓದಿ ತಿಳಿಯದೆ ಕರೆಂಟು ಕೊಟ್ಟರೆ ಸುಟ್ಟೇ ಹೋಗುತ್ತದೆ.

ಒಳ್ಳೆಯ ಕೆಲಸಗಾರರನ್ನು ಗುರುತಿಸುವ ಬಗೆ ಒಂದಿದೆ. ಅವರು ಬರೆಯುವ ಮೊದಲು ಕೆಟ್ಟ ಚಿಪ್ಪಿನಲ್ಲಿದ್ದದ್ದನ್ನು ಎರಡು ಸಲ ಓದಿ, ಎರಡೂ ಪ್ರತಿ ಒಂದೇ ಆಗಿವೆಯೇ ಎಂದು ಹೋಲಿಸಿ, ಎತ್ತಿಡುತ್ತಾರೆ. ಏಕೆಂದರೆ ಚಿಪ್ಪಿನಲ್ಲಿ ಇರುವುದು ಫರ್ಮ್‌ವೇರ್ ಒಂದೇ ಅಲ್ಲ. ಆ ಯಂತ್ರದ ಕ್ರಮಸಂಖ್ಯೆ, ವಿಂಡೋಸಿನ ಪರವಾನಗಿ ಸಂಖ್ಯೆ, ಇಂಟೆಲ್ ಯಂತ್ರಗಳಲ್ಲಿ ಮ್ಯಾನೇಜ್‌ಮೆಂಟ್ ಎಂಜಿನ್ ಎಂಬ ಒಳವ್ಯವಸ್ಥೆಯ ಭಾಗ ಎಲ್ಲ ಅಲ್ಲೇ ಇರಬಹುದು. ಬೇರೆ ಯಂತ್ರದಿಂದ ತೆಗೆದ ಪ್ರತಿಯನ್ನು ಹಾಗೆಯೇ ಸುರಿದರೆ ಪರದೆ ಹೊತ್ತುತ್ತದೆ, ಆದರೆ ಲ್ಯಾಪ್‌ಟಾಪ್ ಇನ್ನೊಬ್ಬರ ಹೆಸರು ಹೊತ್ತು ಏಳುತ್ತದೆ. ಪರವಾನಗಿ ಒಪ್ಪದೆ ಹೋಗಬಹುದು, ಫ್ಯಾನು ಸದಾ ಪೂರ್ತಿ ವೇಗದಲ್ಲಿ ತಿರುಗಬಹುದು. ಹಳೆಯ ಪ್ರತಿಯಿಂದ ಆ ಭಾಗಗಳನ್ನು ಹೊಸದಕ್ಕೆ ಕಸಿಮಾಡಿ ಬರೆಯುವುದು ತಾಳ್ಮೆಯ ಕೆಲಸ. ಅದಕ್ಕೆ ಕೊಡುವ ಕೂಲಿ ದಂಡವಲ್ಲ. ಯಂತ್ರವನ್ನು ಕೊಟ್ಟುಬರುವ ಮೊದಲು, ಡಿಸ್ಕ್ ಬಿಡಿಸಲು ಬರುವಂಥದ್ದಾದರೆ, ಅದನ್ನು ಕಿತ್ತು ಮನೆಯಲ್ಲೇ ಇಟ್ಟುಕೊಳ್ಳಬಹುದು. ಬಯೋಸ್ ಹೊಡೆಯಲು ಡಿಸ್ಕ್ ಬೇಕಿಲ್ಲ.

ಮತ್ತೆ ಎದ್ದ ಯಂತ್ರದ ಗಡಿಯಾರ ಹಲವು ಬಾರಿ ವರ್ಷಗಳ ಹಿಂದಿನ ದಿನಾಂಕ ತೋರಿಸುತ್ತದೆ. ಅದನ್ನು ಸರಿಮಾಡದೆ ಬ್ರೌಸರ್ ತೆರೆದರೆ ಬ್ಯಾಂಕಿನ ತಾಣವೂ ಸುರಕ್ಷಿತವಲ್ಲವೆಂದು ಎಚ್ಚರಿಸುತ್ತದೆ, ದುರಸ್ತಿಯೇ ಕೆಟ್ಟಿತೆಂದು ಮನೆಯವರು ಮತ್ತೆ ಅಂಗಡಿಗೆ ಓಡುತ್ತಾರೆ. ಗಡಿಯಾರ ತಿದ್ದಬೇಕು, ಸೆಕ್ಯೂರ್ ಬೂಟ್ ಚಾಲೂ ಇದೆಯೇ ನೋಡಬೇಕು, ತಡೆಹಿಡಿದ ಬಿಟ್‌ಲಾಕರನ್ನು ಮರಳಿ ಹಚ್ಚಬೇಕು, ಕಾಗದದಲ್ಲಿ ಬರೆದಿಟ್ಟ 48 ಅಂಕಿಗಳು ಈಗಲೂ ಅವೇ ಆಗಿವೆಯೇ ಎಂದು ಖಾತೆಯ ಜೊತೆ ತಾಳೆ ಹಾಕಬೇಕು.